ಲೋಟದ ನೀರು, ಹೊರಳುವ ರೇಜರ್

ರೇಜರಿನ ಮಾತು ಬಂದಾಗ ಬ್ಲೇಡಿನ ಹೆಸರೇ ಮುಂದೆ ಬರುತ್ತದೆ. ಎಷ್ಟು ಬ್ಲೇಡು, ಎಷ್ಟು ಚೂಪು, ಎಷ್ಟು ದಿನ ಬಾಳುತ್ತದೆ ಎಂದು ಎಲ್ಲರೂ ವಿಚಾರಿಸುತ್ತಾರೆ. ಹಿಡಿಕೆಯನ್ನು ಯಾರೂ ವಿಚಾರಿಸುವುದಿಲ್ಲ. ಆದರೆ ಮುಖಕ್ಕೆ ಗಾಯವಾಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಹಿಡಿಕೆಯಲ್ಲೇ ತೀರ್ಮಾನವಾಗುತ್ತದೆ. ಅಲಗು ಚರ್ಮಕ್ಕೆ ಯಾವ ಕೋನದಲ್ಲಿ ತಾಗಬೇಕು, ಅದರ ಮೇಲೆ ಎಷ್ಟು ಭಾರ ಬೀಳಬೇಕು, ಯಾವ ಕಡೆಗೆ ಅದು ಸರಿಯಬೇಕು ಎಂಬುದನ್ನು ನಡೆಸುವುದು ಕೈ. ಆ ಕೈಗೂ ಅಲಗಿಗೂ ನಡುವೆ ಇರುವ ಒಂದೇ ವಸ್ತು ಹಿಡಿಕೆ. ಹಿಡಿಕೆ ಒದ್ದೆಯಾದಾಗ ಜಾರಿದರೆ, ಸಣಕಲಾಗಿ ಬೆರಳ ನಡುವೆ ಸುತ್ತಿದರೆ, ಅದರ ತುದಿಯ ತಲೆ ದವಡೆಯ ತಿರುವಿಗೆ ಬಾಗದಿದ್ದರೆ, ಎಷ್ಟು ಒಳ್ಳೆಯ ಬ್ಲೇಡು ಹಾಕಿದರೂ ರಕ್ತ ಬರುವುದು ತಪ್ಪುವುದಿಲ್ಲ.

1960ರ ದಶಕದ ಕೊನೆಯಲ್ಲಿ ಬೆಳಗಾವಿ ಕಡೆಯಿಂದ ಪುಣೆಗೆ ಬಂದು ಭೋಸರಿಯ ಕಾರ್ಖಾನೆಯೊಂದರ ಟೂಲ್‌ರೂಮಿಗೆ ಸೇರಿದ ಫಿಟರ್ ಒಬ್ಬರ ಮನೆ ನಾರಾಯಣ ಪೇಠೆಯ ಹಳೆಯ ವಾಡೆಯಲ್ಲಿತ್ತು. ಮಾಳಿಗೆಯ ಮೇಲೆ ಎರಡು ಖೋಲಿ, ಕೆಳಗಿನ ಚೌಕಿನಲ್ಲಿ ಎಲ್ಲ ಬಿಡಾರಗಳಿಗೂ ಸೇರಿ ಒಂದು ನಲ್ಲಿ. ಬೆಳಗಿನ ಪಾಳಿಯಿದ್ದ ವಾರ ಅವರು ಕತ್ತಲಿರುವಾಗಲೇ ಎದ್ದು ಗಡ್ಡ ಮಾಡಿಕೊಳ್ಳುತ್ತಿದ್ದರು. ಕಿಟಕಿಯ ಸರಳಿಗೆ ತಂತಿಯಿಂದ ಕಟ್ಟಿದ ಅಂಗೈಯಗಲದ ಕನ್ನಡಿ, ಮಣೆಯ ಮೇಲೆ ಕೂತರೆ ಕಣ್ಣಿನ ಎತ್ತರಕ್ಕೆ ಸರಿಯಾಗಿ ಬರುವಂತಿತ್ತು. ಮಗ್ಗುಲಲ್ಲಿ ಒಂದು ಹಿತ್ತಾಳೆ ಲೋಟದ ತುಂಬ ನೀರು. ಗಡ್ಡ ನೆನೆಸುವುದಕ್ಕೂ ಬ್ರಷ್ ಅದ್ದುವುದಕ್ಕೂ ರೇಜರ್ ಜಾಲಿಸುವುದಕ್ಕೂ ಕೊನೆಗೆ ಮುಖ ತೊಳೆಯುವುದಕ್ಕೂ ಆ ಒಂದು ಲೋಟವೇ. ನೀರು ಮೇಲೆ ಹೊತ್ತು ತರಬೇಕಾದ ಮನೆಯಲ್ಲಿ ಎರಡನೆಯ ಲೋಟ ಕೇಳುವ ರೂಢಿ ಇರಲಿಲ್ಲ. ವಾಡೆಯ ಹಿರಿಯರಿಗೆ 1961ರ ಜುಲೈ 12ರ ನೆನಪು ಹಸಿಯಾಗಿಯೇ ಇತ್ತು. ಆ ದಿನ ಪಾನಶೇತ್ ಅಣೆಕಟ್ಟು ಒಡೆದು, ಅದರ ರಭಸಕ್ಕೆ ಊರಿಗೆ ನೀರು ಕೊಡುತ್ತಿದ್ದ ಖಡಕವಾಸಲಾ ಅಣೆಕಟ್ಟೂ ಒಡೆದು, ನದಿದಂಡೆಯ ಪೇಠೆಗಳು ಮುಳುಗಿದ್ದವು. ನೀರು ಊರನ್ನೇ ಹೊಕ್ಕು ಹೋದ ಮೇಲೆ ಕುಡಿಯುವ ನೀರಿಗೆ ಪರದಾಡಿದ್ದನ್ನು ಅವರು ಮಕ್ಕಳಿಗೆ ಹೇಳುತ್ತಿದ್ದರು. ಲೋಟದ ಅಳತೆ ಮೀರಬಾರದೆಂಬ ಶಿಸ್ತು ಆ ಮಾತುಗಳ ಜೊತೆಗೇ ಮನೆಮನೆಗೆ ಬಂದಿತ್ತು.

ಆ ಫಿಟರ್ ಬಳಸುತ್ತಿದ್ದದ್ದು ಮೂರು ತುಂಡಿನ ಹಿತ್ತಾಳೆ ರೇಜರ್: ಮೇಲೊಂದು ಬಾಗಿದ ಮುಚ್ಚಳ, ಕೆಳಗೊಂದು ಹಲ್ಲಿನ ತಟ್ಟೆ, ಎರಡನ್ನೂ ಬಿಗಿಯುವ ಹಿಡಿಕೆ. ಎರಡು ಬಾಯಿಯ ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್, ಅಂದರೆ ಗಡ್ಡದ ಒಂದು ಕೂದಲಿನಷ್ಟೇ. ಬಿಡಿಯಾಗಿ ಹಿಡಿದರೆ ಬಳುಕುವ ಈ ತೆಳು ತಗಡು ಮುಚ್ಚಳಕ್ಕೂ ತಟ್ಟೆಗೂ ನಡುವೆ ಬಿಗಿದಾಗ ಕಮಾನಿನಂತೆ ಬಾಗಿ ಗಟ್ಟಿಯಾಗುತ್ತದೆ. ಹಿಡಿಕೆ ಅರ್ಧ ಸುತ್ತು ಸಡಿಲವಾದರೂ, ಒಳಗೆ ಸಾಬೂನಿನ ಹಕ್ಕಳೆ ಸಿಕ್ಕಿಕೊಂಡರೂ, ಬ್ಲೇಡಿನ ಒಂದು ಪಕ್ಕ ಹೆಚ್ಚು ಹೊರಚಾಚುತ್ತದೆ. ಆ ಪಕ್ಕವೇ ಕೊಯ್ಯುವುದು. ಹಿಡಿಕೆಯ ಮೈಮೇಲೆ ವಜ್ರದಾಕಾರದ ಸಣ್ಣ ಗೀರುಗಳಿದ್ದವು. ಲೇಥಿನ ಕೆಲಸ ಬಲ್ಲವರು ಅದನ್ನು ನರ್ಲಿಂಗ್ ಎನ್ನುತ್ತಾರೆ. ಕಾರ್ಖಾನೆಯಲ್ಲಿ ಗೇಜಿನ ಹಿಡಿಗಳಿಗೆ ಅದೇ ಗೀರು ಹಾಕುತ್ತಿದ್ದ ಆ ಮನುಷ್ಯನಿಗೆ ತನ್ನ ರೇಜರಿನ ಗೀರು ಸಮಾಧಾನ ತರಲಿಲ್ಲ. ಎಣ್ಣೆಗೈಗೆ ಹಿಡಿತ ಕೊಡುವ ಗೀರು ಸಾಬೂನಿನ ಕೈಗೆ ಸಾಲದು, ಸಾಬೂನು ಗೀರಿನ ಸಂದುಗಳನ್ನೇ ತುಂಬಿ ಮೈ ನುಣುಪು ಮಾಡಿಬಿಡುತ್ತದೆ ಎನ್ನುತ್ತಿದ್ದರು. ಆ ಮಾತು ಸರಿಯಾದದ್ದು. ಒದ್ದೆ ಕೈಗೆ ಬೇಕಾದದ್ದು ನೀರು ಹರಿದುಹೋಗಲು ಜಾಗ ಬಿಡುವ ಅಗಲವಾದ ಏಣುಗಳು, ನುಣ್ಣನೆಯ ಗೀರುಗಳಲ್ಲ.

ಇಂಥ ಗಟ್ಟಿತಲೆಯ ರೇಜರಿನಲ್ಲಿ ಕೋನದ ಹೊಣೆ ಪೂರ್ತಿಯಾಗಿ ಮಣಿಕಟ್ಟಿನದು. ಬ್ಲೇಡು ಚರ್ಮಕ್ಕೆ ಸುಮಾರು 30 ಡಿಗ್ರಿಯಲ್ಲಿ ನಿಂತರೆ ಕೂದಲು ಕತ್ತರಿಸುತ್ತದೆ. ಅದಕ್ಕಿಂತ ತೀರ ಚಪ್ಪಟೆಯಾದರೆ ಮುಚ್ಚಳ ಮಾತ್ರ ಉಜ್ಜುತ್ತದೆ, ನೆಟ್ಟಗಾದರೆ ಚರ್ಮವನ್ನೇ ಹೆರೆಯುತ್ತದೆ. ಕೆನ್ನೆ ಸಪಾಟಾದ ಬಯಲು, ಅಲ್ಲಿ ತೊಂದರೆಯಿಲ್ಲ. ಕೆನ್ನೆಯಿಂದ ದವಡೆಯಂಚು ದಾಟಿ ಕುತ್ತಿಗೆಗೆ ಇಳಿಯುವಾಗ ಎರಡು ಮೂರು ಬೆರಳಿನಗಲದೊಳಗೆ ಚರ್ಮ ಹತ್ತಿರಹತ್ತಿರ ಕಾಲು ಸುತ್ತು ತಿರುಗಿಬಿಡುತ್ತದೆ. ಮಣಿಕಟ್ಟೂ ಅಷ್ಟೇ ಬೇಗ, ಅಷ್ಟೇ ನಯವಾಗಿ ತಿರುಗಬೇಕು. ಅರೆಬೆಳಕಿನಲ್ಲಿ, ಸಣ್ಣ ಕನ್ನಡಿಯಲ್ಲಿ, ಎಡಬಲ ಅದಲುಬದಲಾಗಿ ಕಾಣುವಾಗ ಇದು ಸುಲಭದ ಕೆಲಸವಲ್ಲ. ಗಾಯಗಳು ಯಾವಾಗಲೂ ಅದೇ ಮೂರು ಕಡೆ ಆಗುತ್ತಿದ್ದವು: ಗದ್ದದ ಮೂಲೆ, ಗಂಟಲ ಉಬ್ಬು, ಮೂಗಿನ ಕೆಳಗಿನ ಇಕ್ಕಟ್ಟು. ಮೇಲೆ ಪಟಿಕದ ಗಡ್ಡೆ ಉಜ್ಜಿ, ನಿಲ್ಲದಿದ್ದರೆ ಪತ್ರಿಕೆಯ ಚೂರು ಅಂಟಿಸಿಕೊಂಡು ಬಸ್ಸಿಗೆ ಓಡುವುದು ಆ ಕಾಲದ ಗಂಡಸರ ದಿನಚರಿಯ ಭಾಗವೇ ಆಗಿತ್ತು. ಮೊಂಡಾದ ಬ್ಲೇಡನ್ನು ಗಾಜಿನ ಲೋಟದ ಒಳಮೈಗೆ ಬೆರಳಿನಿಂದ ಒತ್ತಿ ಉಜ್ಜಿ ಇನ್ನೆರಡು ದಿನ ಓಡಿಸುವ ಪದ್ಧತಿ ಬಹಳ ಮನೆಗಳಲ್ಲಿತ್ತು. ಉಳಿತಾಯವೇನೋ ಆಗುತ್ತಿತ್ತು. ಆದರೆ ಮೊಂಡು ಬ್ಲೇಡಿಗೆ ಹೆಚ್ಚು ಒತ್ತಬೇಕು, ಒತ್ತಿದಷ್ಟೂ ಚರ್ಮ ಹಲ್ಲುಗಳ ನಡುವೆ ಉಬ್ಬಿ ಬ್ಲೇಡಿನ ದಾರಿಗೆ ಬರುತ್ತದೆ. ಹೊಸ ಬ್ಲೇಡಿಗಿಂತ ಹಳೆಯದೇ ಹೆಚ್ಚು ಕೊಯ್ಯುವುದು ಈ ಕಾರಣಕ್ಕೆ.

ಇಷ್ಟು ಮೃದುವಾದ ಕೂದಲು ಉಕ್ಕಿನ ಅಲಗನ್ನು ಮೊಂಡಾಗಿಸುವುದು ಹೇಗೆಂಬುದು ಬಹುಕಾಲ ಸರಿಯಾಗಿ ತಿಳಿದಿರಲಿಲ್ಲ. ಅಮೆರಿಕದ ಕೇಂಬ್ರಿಜ್‌ನ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜಾನ್‌ಲೂಕಾ ರೋಶೋಲಿ ಮತ್ತು ಜೆಮ್ ತಾಸನ್ ಮೊದಲಾದವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಅಡಿಯಲ್ಲೇ ಕೂದಲು ಕತ್ತರಿಸಿ ನೋಡಿ, 2020ರಲ್ಲಿ ಉತ್ತರ ಪ್ರಕಟಿಸಿದರು. ಅಲಗು ಸಮನಾಗಿ ಸವೆದು ಮೊಂಡಾಗುವುದಕ್ಕಿಂತ ಹೆಚ್ಚಾಗಿ, ಕೂದಲು ಓರೆಯಾಗಿ ಬಾಗಿ ತಾಗಿದಾಗ ಅಂಚಿನಿಂದ ಸಣ್ಣ ಚಕ್ಕೆ ಹಾರಿಹೋಗುತ್ತದೆ. ಉಕ್ಕಿನ ಒಳರಚನೆ ಎಲ್ಲಿ ಏಕರೂಪವಾಗಿಲ್ಲವೋ ಅಲ್ಲಿ ಚಕ್ಕೆ ಏಳುವುದು ಹೆಚ್ಚು. ಗಡ್ಡವನ್ನು ಚೆನ್ನಾಗಿ ನೆನೆಸಬೇಕೆಂದು ಹಿರಿಯರು ಹೇಳುತ್ತಿದ್ದುದಕ್ಕೂ ಆಧಾರವಿದೆ. ಕೂದಲು ನೀರು ಹೀರಿಕೊಂಡು ಮೆದುವಾಗಲು ಒಂದೆರಡು ನಿಮಿಷ ಬೇಕು. ನೆಂದ ಕೂದಲು ಒಣಕೂದಲಿಗಿಂತ ಬಹಳ ಕಡಿಮೆ ಬಲಕ್ಕೆ ತುಂಡಾಗುತ್ತದೆ. ಅಂದಮೇಲೆ ನೀರು ರೇಜರಿನ ಒಂದು ಭಾಗವೇ. ಇದನ್ನು ಮರೆತು ರೇಜರ್ ಮಾಡಿದವರು ಏನು ಕಂಡರು ಎಂಬುದು ಮುಂದೆ ಬರುತ್ತದೆ.

ಮನೆಯಲ್ಲಿ ಗಡ್ಡ ಮಾಡಿಕೊಳ್ಳುವ ಅಭ್ಯಾಸ ಬರುವ ಮೊದಲು ಕತ್ತಿ ಇದ್ದದ್ದು ಕ್ಷೌರಿಕರ ಕೈಯಲ್ಲಿ. ಉತ್ತರ ಕರ್ನಾಟಕದ ಹಡಪದ ಸಮಾಜದವರೂ ಪುಣೆಯ ನಾಭಿಕರೂ ಬಾಗುವ ಕತ್ತಿಯನ್ನು ಸಾಣೆಕಲ್ಲಿಗೆ ಹಿಡಿದು, ಚರ್ಮದ ಪಟ್ಟಿಗೆ ಉಜ್ಜಿ ಹದ ಮಾಡುತ್ತಿದ್ದರು. ಮರಾಠಿಯವರು ಅದನ್ನು ವಸ್ತರಾ ಎನ್ನುತ್ತಾರೆ. ಆ ಕತ್ತಿಗೆ ಕಾವಲು ಹಲ್ಲಿಲ್ಲ, ತಿರುಗುವ ತಲೆಯಿಲ್ಲ. ಎರಡೂ ಕೆಲಸ ಮಾಡುತ್ತಿದ್ದದ್ದು ಕ್ಷೌರಿಕನ ಬೆರಳುಗಳು. ಎಡಗೈ ಚರ್ಮವನ್ನು ಎಳೆದು ಸಪಾಟು ಮಾಡುತ್ತದೆ, ಬಲಗೈ ಕತ್ತಿಯ ಕೋನ ಬದಲಿಸುತ್ತದೆ. ಈಚಿನ ಎಲ್ಲ ರೇಜರುಗಳೂ ಆ ಎರಡು ಕೈಗಳ ವಿದ್ಯೆಯನ್ನು ಒಂದು ತುಂಡು ಲೋಹಕ್ಕೋ ಪ್ಲಾಸ್ಟಿಕ್ಕಿಗೋ ಕಲಿಸುವ ಪ್ರಯತ್ನಗಳು ಎಂದರೆ ತಪ್ಪಿಲ್ಲ.

ಪುಣೆ ಸೀಮೆಯಲ್ಲಿ ಕತ್ತಿಯ ಮಾತು ಬಂದರೆ ಇನ್ನೊಂದು ನೆನಪನ್ನು ಬಿಡಲಾಗದು. ಗಂಡ ಸತ್ತ ಹೆಣ್ಣುಮಕ್ಕಳ ತಲೆ ಬೋಳಿಸುತ್ತಿದ್ದದ್ದು ಇದೇ ಕತ್ತಿಯಿಂದ. 1890ರಲ್ಲಿ ಮುಂಬಯಿಯ ಕ್ಷೌರಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಸಭೆ ಸೇರಿ, ಇನ್ನು ಆ ಕೆಲಸ ಮಾಡುವುದಿಲ್ಲವೆಂದು ನಿಶ್ಚಯಿಸಿದರು. ಲೋಖಂಡೆಯವರು ಪುಣೆಯ ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು.   ಕತ್ತಿ ಹಿಡಿದ ಕೈ ‘ಒಲ್ಲೆ’ ಎಂದದ್ದು ಅದರ ಚರಿತ್ರೆಯಲ್ಲಿ ಬಹಳ ದೊಡ್ಡ ಸಂಗತಿ.

ಕತ್ತಿಯ ಸುರಕ್ಷತೆ ಇನ್ನೊಮ್ಮೆ ಬದಲಾದದ್ದು ಏಡ್ಸ್ ಭಯದ ದಿನಗಳಲ್ಲಿ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ. ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ ಭೋಸರಿಯಲ್ಲಿ ಸ್ಥಾಪನೆಯಾದದ್ದು 1992ರಲ್ಲಿ. ಆ ದಶಕದಲ್ಲಿ ಸಲೂನಿನ ಕುರ್ಚಿಯಲ್ಲಿ ಕೂತವರು ‘ಹೊಸ ಬ್ಲೇಡು ಹಾಕಿ’ ಎಂದು ಹೇಳಲು ಕಲಿತರು. ಸಾಣೆ ಹಿಡಿಯುವ ವಸ್ತರಾ ಮೂಲೆ ಸೇರಿ, ಎರಡು ಬಾಯಿಯ ಬ್ಲೇಡನ್ನು ನಡುವೆ ಮುರಿದು ಅರ್ಧವನ್ನು ಸಿಕ್ಕಿಸುವ ಹಿಡಿಕೆ ಬಂತು. ಕ್ಷೌರಿಕ ಗಿರಾಕಿಯ ಕಣ್ಣೆದುರೇ ಕಾಗದ ಬಿಡಿಸಿ ಬ್ಲೇಡು ಮುರಿಯುವ ‘ಟಕ್’ ಎಂಬ ಸದ್ದು ಸಲೂನಿನ ಸದ್ದುಗಳಲ್ಲಿ ಒಂದಾಯಿತು. ರೇಜರಿನಿಂದ ಎಚ್‌ಐವಿ ಹರಡುವ ಸಂಭವ ಬಹಳ ಕಡಿಮೆ. ನಿಜವಾಗಿ ಅಂಜಬೇಕಾದದ್ದು ಹೆಪಟೈಟಿಸ್ ಬಿ ವೈರಾಣುವಿಗೆ. ಅದು ದೇಹದ ಹೊರಗೆ ಕನಿಷ್ಠ 7 ದಿನ ಸೋಂಕು ತಗಲಿಸುವ ಶಕ್ತಿ ಉಳಿಸಿಕೊಂಡಿರುತ್ತದೆ. ಯಾವ ಭಯದಿಂದಲೇ ಬಂದಿರಲಿ, ಒಬ್ಬರಿಗೊಂದು ಬ್ಲೇಡು ಎಂಬ ನಡೆ ಒಳ್ಳೆಯದೇ ಆಯಿತು. 

ಕತ್ತಿಗೆ ಕಾವಲು ಹಾಕುವ ಯೋಚನೆ ಹಳೆಯದು. ಪ್ಯಾರಿಸ್ಸಿನ ಕತ್ತಿಗಾರ ಜಾನ್-ಜಾಕ್ ಪೆರೆ 18ನೆಯ ಶತಮಾನದಲ್ಲೇ, ಬಡಗಿಯ ಉಜ್ಜುಗೊರಡು ನೋಡಿ, ಕತ್ತಿಗೆ ಮರದ ಕಾವಲು ತೊಡಿಸಿದ. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಫೆ ಸಹೋದರರು ಗುದ್ದಲಿಯಂತೆ ಅಡ್ಡತಲೆಯ ರೇಜರಿಗೆ ಪೇಟೆಂಟ್ ಪಡೆದರು. ಅದರಲ್ಲಿ ಹಿಡಿಕೆ ಅಲಗಿಗೆ ನೇರವಾಗಿರದೆ ಅಡ್ಡವಾಗಿ ನಿಂತಿತ್ತು. ಕಿಂಗ್ ಕ್ಯಾಂಪ್ ಜಿಲೆಟ್ ಬಿಸಾಡುವ ತೆಳು ಬ್ಲೇಡಿನ ರೇಜರನ್ನು 1903ರಲ್ಲಿ ಮಾರಾಟಕ್ಕೆ ತಂದು, 1904ರಲ್ಲಿ ಪೇಟೆಂಟ್ ಪಡೆದ. ಅಷ್ಟು ತೆಳು ಉಕ್ಕನ್ನು ಹದ ಮಾಡುವ ದಾರಿ ಕಂಡವನು ವಿಲಿಯಂ ನಿಕರ್‌ಸನ್. ನಾರಾಯಣ ಪೇಠೆಯ ಹಿತ್ತಾಳೆ ರೇಜರ್ ಈ ವಂಶದ್ದೇ. ಅದಕ್ಕೆ ಹಾಕುತ್ತಿದ್ದ ಭಾರತ್, ಪನಾಮಾ, ಟೋಪಾಜ್ ಬ್ಲೇಡುಗಳೂ ಆ ವಂಶದವೇ.

ತಲೆ ಹೊರಳುವ ರೇಜರ್ ಪೇಟೆಗೆ ಬಂದದ್ದು 1977ರಲ್ಲಿ, ಜಿಲೆಟ್ ಕಂಪನಿಯ ಅಟ್ರಾ ಎಂಬ ಹೆಸರಿನಲ್ಲಿ. ಅದಕ್ಕೂ ಆರು ವರ್ಷ ಮೊದಲೇ, 1971ರಲ್ಲಿ, ಟ್ರ್ಯಾಕ್ ಟು ಎಂಬ ಎರಡು ಬ್ಲೇಡಿನ ರೇಜರ್ ಬಂದಿತ್ತು. ಬ್ಲೇಡು ಎರಡಾದದ್ದಕ್ಕಿಂತ ತಲೆ ಹೊರಳಿದ್ದೇ ದೊಡ್ಡ ಹೆಜ್ಜೆ. ಮಣಿಕಟ್ಟು ಹೊತ್ತಿದ್ದ ಕೋನದ ಹೊಣೆಯನ್ನು ಮೊದಲ ಬಾರಿಗೆ ರೇಜರೇ ತನ್ನ ಮೇಲೆ ಎಳೆದುಕೊಂಡಿತು. ಹಿಡಿಕೆ ಹೇಗೇ ಓರೆಯಾದರೂ, ತಲೆ ಮಾತ್ರ ಚರ್ಮಕ್ಕೆ ಒರಗಿ ಮಲಗಿರುತ್ತದೆ. ಮುಂದಿನ ಕಾವಲುಪಟ್ಟಿಯೂ ಹಿಂದಿನ ಅಂಚೂ ಒಟ್ಟಿಗೆ ಚರ್ಮ ಮುಟ್ಟಿರುವುದರಿಂದ ನಡುವಿನ ಬ್ಲೇಡಿನ ಕೋನ ಬದಲಾಗುವುದಿಲ್ಲ. ಕೈಯ ಭಾರವೂ ಒಂದೇ ಅಂಚಿನ ಮೇಲೆ ಬೀಳದೆ ತಲೆಯ ಇಡೀ ಮೈಗೆ ಹಂಚಿಹೋಗುತ್ತದೆ.

ಹೊರಳುವುದೆಂದರೆ ಬರೀ ಒಂದು ಕೀಲು ಹಾಕುವುದಲ್ಲ. ಕೀಲು ಎಲ್ಲಿರಬೇಕೆಂಬುದರಲ್ಲೇ ಈ ವಿದ್ಯೆಯ ಮರ್ಮವಿದೆ. ರೇಜರ್ ಎಳೆದಾಗ ಚರ್ಮ ಮತ್ತು ಕೂದಲು ಬ್ಲೇಡನ್ನು ಹಿಂದಕ್ಕೆ ಜಗ್ಗುತ್ತವೆ. ಕೀಲು ಚರ್ಮದಿಂದ ಮೇಲೆ, ತಲೆಯ ಬೆನ್ನಿನಲ್ಲಿದ್ದರೆ, ಆ ಜಗ್ಗಾಟ ತಲೆಯನ್ನು ಮುಂದಕ್ಕೆ ಮಗುಚಲು ನೋಡುತ್ತದೆ. ಕಾವಲುಪಟ್ಟಿ ಚರ್ಮಕ್ಕೆ ಒತ್ತಿಕೊಂಡು ತಡವರಿಸುತ್ತದೆ. ಕೀಲಿನ ಅಕ್ಷ ಚರ್ಮದ ಮಟ್ಟಕ್ಕೆ ಹತ್ತಿರ ಬಂದಷ್ಟೂ ಮಗುಚುವ ಬಲ ಕಡಿಮೆಯಾಗುತ್ತದೆ. ಅಕ್ಷ ಬ್ಲೇಡಿಗಿಂತ ಮುಂದಿದ್ದರೆ ಇನ್ನೂ ಒಳ್ಳೆಯದು. ಹಗ್ಗ ಕಟ್ಟಿ ಎಳೆದ ಗಾಡಿ ತಾನಾಗಿ ಎಳೆದವನ ಹಿಂದೆ ಸರಿಯುತ್ತದೆ. ಹಿಂದಿನಿಂದ ನೂಕಿದ ಗಾಡಿ ಅತ್ತಿತ್ತ ಹೋಗುತ್ತದೆ. ಬ್ಲೇಡೂ ಹಾಗೆಯೇ, ಕೀಲಿನ ಹಿಂದೆ ಎಳೆಸಿಕೊಂಡು ಬಂದರೆ ನೇರ ನಡೆಯುತ್ತದೆ.

ಇದರ ಜೊತೆಗೆ ತಲೆಯನ್ನು ಅದರ ನೆಲೆಗೆ ಮರಳಿಸುವ ಒಂದು ಸ್ಪ್ರಿಂಗ್ ಬೇಕು. ಸ್ಪ್ರಿಂಗ್ ಮೆತ್ತಗಿದ್ದರೆ ತಲೆ ತೂಗಾಡುತ್ತದೆ, ಮೂಗಿನ ಕೆಳಗಿನ ಇಕ್ಕಟ್ಟಿನಲ್ಲಿ ಕೈಗೆ ಸಿಗದೆ ಜಾರುತ್ತದೆ. ಬಿಗಿಯಾದರೆ ತಲೆ ಹೊರಳುವುದೇ ಇಲ್ಲ, ಕೀಲಿದ್ದೂ ಇಲ್ಲದಂತೆ. ಗಟ್ಟಿತಲೆಯ ರೇಜರಿಗೆ ಒಗ್ಗಿದ ಕೈಗಳು ಹೊರಳುವ ತಲೆ ಸಿಕ್ಕಾಗ ಮೊದಲು ಮಾಡುವ ತಪ್ಪು ಒತ್ತುವುದು. ತಲೆ ಬಾಗುತ್ತಿದೆಯೆಂದು ಕೈ ಇನ್ನಷ್ಟು ಒತ್ತುತ್ತದೆ, ಸ್ಪ್ರಿಂಗ್ ಕೊನೆ ಮುಟ್ಟಿ ತಲೆ ಗಟ್ಟಿಯಾಗುತ್ತದೆ, ಮತ್ತೆ ಹಳೆಯ ಗಾಯ ಹಳೆಯ ಜಾಗದಲ್ಲೇ. ಎಡಬಲಕ್ಕೂ ವಾಲುವ ಗುಂಡು ಕೀಲನ್ನು ಜಿಲೆಟ್ 2014ರಲ್ಲಿ ಫ್ಲೆಕ್ಸ್‌ಬಾಲ್ ಎಂಬ ಹೆಸರಿನಲ್ಲಿ ತಂದಿತು. ದಿನನಿತ್ಯದ ಗಡ್ಡಕ್ಕೆ ಅದರ ಅಗತ್ಯ ಕಡಿಮೆ. ಮುಂದೆ ಹಿಂದೆ ಸರಿಯಾಗಿ ಹೊರಳುವ ಒಂದು ಕೀಲಿನಿಂದಲೇ ಹೆಚ್ಚಿನ ಕೆಲಸ ಆಗಿಹೋಗುತ್ತದೆ.

ಭಾರತದ ಮುಖಕ್ಕೂ ಭಾರತದ ಬಚ್ಚಲಿಗೂ ಹೊಂದುವ ರೇಜರ್ ಹುಡುಕಿದ ಕಥೆಯಲ್ಲಿ ಎಲ್ಲ ವಿನ್ಯಾಸಕಾರರೂ ಓದಬೇಕಾದ ಒಂದು ಅಧ್ಯಾಯವಿದೆ. 2002ರಲ್ಲಿ ಜಿಲೆಟ್ ಇಲ್ಲಿಗೆಂದೇ ವೆಕ್ಟರ್ ರೇಜರನ್ನು ತಂದಿತು. ಇಲ್ಲಿಯ ಗಂಡಸರ ಗಡ್ಡ ದಟ್ಟ, ಕೂದಲು ದಪ್ಪ, ಹಲವರು ದಿನಾ ಮಾಡಿಕೊಳ್ಳುವವರಲ್ಲ. ಹೀಗಾಗಿ ಬ್ಲೇಡುಗಳ ಸಂದಿಯಲ್ಲಿ ಕೂದಲು ಕಟ್ಟಿಕೊಳ್ಳುತ್ತದೆ ಎಂದು ಅರಿತು, ಕಟ್ಟಿದ್ದನ್ನು ತಳ್ಳಿ ತೆಗೆಯುವ ಒಂದು ಪ್ಲಾಸ್ಟಿಕ್ ಪಟ್ಟಿಯನ್ನೂ ಅದಕ್ಕಿಟ್ಟಿದ್ದರು. ಪರೀಕ್ಷೆಗೆ ಆರಿಸಿಕೊಂಡದ್ದು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳನ್ನು. ಅವರಿಗೆ ರೇಜರ್ ಹಿಡಿಸಿತು. ಇಲ್ಲಿಗೆ ಬಂದ ಮೇಲೆ ಅದು ಸೋತಿತು. ಆ ವಿದ್ಯಾರ್ಥಿಗಳ ಮುಖ ಭಾರತದ್ದು, ನಲ್ಲಿ ಅಮೆರಿಕದ್ದು. ಧಾರೆಯಾಗಿ ಸುರಿಯುವ ನೀರಿನಡಿ ತೊಳೆದರೆ ಬಿಟ್ಟುಹೋಗುವ ಕೂದಲು, ಲೋಟದಲ್ಲಿ ಅದ್ದಿ ಅಲುಗಾಡಿಸಿದರೆ ಬಿಡುವುದಿಲ್ಲ. ಪುಣೆಯ ಕೊಥ್ರೂಡಿನಲ್ಲೂ 1983ರಲ್ಲಿ ಶುರುವಾದ ಎಂಐಟಿ ಎಂಬ ಇನ್ನೊಂದು ಕಾಲೇಜಿತ್ತು. ಅದರ ಸುತ್ತಲಿನ ಬಾಡಿಗೆ ಖೋಲಿಗಳಲ್ಲಿ ಬಕೆಟ್ಟಿನ ನೀರಿನಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದ ಹುಡುಗರಲ್ಲಿ ಹತ್ತು ಜನರ ಕೈಗೆ ಆ ರೇಜರ್ ಕೊಟ್ಟಿದ್ದರೂ ಉತ್ತರ ಒಂದು ವಾರದಲ್ಲಿ ಸಿಗುತ್ತಿತ್ತು.

ಪ್ರಾಕ್ಟರ್ ಅಂಡ್ ಗ್ಯಾಂಬಲ್ 2005ರಲ್ಲಿ ಜಿಲೆಟ್ಟನ್ನು ಕೊಂಡ ನಂತರ ಕೆಲಸ ಬೇರೆ ರೀತಿಯಲ್ಲಿ ಶುರುವಾಯಿತು. 2008ರಲ್ಲಿ ಜಿಲೆಟ್ಟಿನ ಅಲ್ಬರ್ಟೊ ಕಾರ್ವಾಲೊ ಅವರ ಮುಂದಾಳತ್ವದಲ್ಲಿ ಎಂಜಿನಿಯರುಗಳೂ ಸೇರಿದಂತೆ 20 ಜನ ಅಮೆರಿಕದಿಂದ ಬಂದು ಮೂರು ವಾರ ಇಲ್ಲಿಯ ಮನೆಗಳಿಗೆ ಹೋಗಿ, ಗಂಡಸರು ಗಡ್ಡ ಮಾಡಿಕೊಳ್ಳುವುದನ್ನು ಕೂತು ನೋಡಿದರು. ಅವರು ಕಂಡದ್ದು ನಾರಾಯಣ ಪೇಠೆಯ ವಾಡೆಯಲ್ಲಿ ನಾಲ್ಕು ದಶಕ ಹಿಂದೆ ನಡೆಯುತ್ತಿದ್ದದ್ದನ್ನೇ. ನೆಲದ ಮೇಲೆ ಕೂತ ಮನುಷ್ಯ, ಕೈಗನ್ನಡಿ, ಮಂದ ಬೆಳಕು, ಒಂದು ಬಟ್ಟಲು ನೀರು. ಅಮೆರಿಕದವನು ನುಣುಪು ಕೇಳಿದರೆ ಇಲ್ಲಿಯವನು ಗಾಯವಾಗದಿದ್ದರೆ ಸಾಕು ಎನ್ನುತ್ತಿದ್ದ.

ಆ ನೋಟದಿಂದ ಹುಟ್ಟಿದ ಜಿಲೆಟ್ ಗಾರ್ಡ್ 2010ರ ಅಕ್ಟೋಬರಿನಲ್ಲಿ ಬಂತು. ಆಗ ರೇಜರಿಗೆ 15 ರೂಪಾಯಿ, ಬದಲಿ ಬ್ಲೇಡಿಗೆ 5 ರೂಪಾಯಿ. ಬ್ಲೇಡು ಒಂದೇ. ಮೂರು ಬ್ಲೇಡು, ಐದು ಬ್ಲೇಡು ಎಂದು ಜಗತ್ತು ಮುಂದೆ ಓಡುತ್ತಿದ್ದಾಗ ಒಂದಕ್ಕೆ ಇಳಿಯಲು ಧೈರ್ಯ ಬೇಕಿತ್ತು. ಒಂದೇ ಬ್ಲೇಡಾದ್ದರಿಂದ ಸಂದಿಯಿಲ್ಲ, ಬಟ್ಟಲ ನೀರಿನಲ್ಲಿ ಅದ್ದಿದರೂ ಕೂದಲು ಬಿಟ್ಟುಬರುತ್ತದೆ. ಬ್ಲೇಡಿನ ಮುಂದೆ ಬಾಚಣಿಗೆಯಂಥ ದೊಡ್ಡ ಹಲ್ಲುಗಳು ಚರ್ಮವನ್ನು ಒತ್ತಿ ಸಪಾಟು ಮಾಡುತ್ತವೆ. ಕ್ಷೌರಿಕನ ಎಡಗೈ ಮಾಡುತ್ತಿದ್ದ ಕೆಲಸ ಅದು. ಆ ತಲೆ ಹೊರಳುತ್ತದೆ, ಅದು ಕ್ಷೌರಿಕನ ಬಲಗೈಯದು. ಹಿಡಿಕೆ ಟೊಳ್ಳು, ಹಗುರ, ಮೈಮೇಲೆ ಹಿಡಿತದ ಏಣುಗಳು, ತುದಿಯಲ್ಲಿ ಮೊಳೆಗೆ ನೇತುಹಾಕಲು ಒಂದು ತೂತು. ಅದೇ ಕಂಪನಿಯ ಮಾಕ್ 3 ರೇಜರಿನಲ್ಲಿ 25 ಬಿಡಿಭಾಗಗಳಿದ್ದರೆ ಇದರಲ್ಲಿ ನಾಲ್ಕೇ. ನುಣುಪಿನ ಪಟ್ಟಿ, ಬಣ್ಣದ ಅಲಂಕಾರ ಎಲ್ಲ ಹೋದವು. ಕೀಲನ್ನು ಮಾತ್ರ ತೆಗೆಯಲಿಲ್ಲ. ಪೈಸೆ ಪೈಸೆ ಲೆಕ್ಕ ಹಾಕಿ ಭಾಗಗಳನ್ನು ಕಿತ್ತೆಸೆದವರೂ ಹೊರಳುವ ತಲೆಗೆ ಕೈ ಹಚ್ಚಲಿಲ್ಲ ಎಂಬುದೇ ಅದರ ಬೆಲೆ ಹೇಳುತ್ತದೆ. 2013ರ ಹೊತ್ತಿಗೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಮೂರು ರೇಜರುಗಳಲ್ಲಿ ಎರಡು ಗಾರ್ಡ್ ಆಗಿದ್ದವು.

ಆ ಫಿಟರ್ ನಿವೃತ್ತರಾಗಿ, ಮನೆ ವಾಡೆಯಿಂದ ಕರ್ವೆ ರಸ್ತೆಯ ಆಚೆಯ ಫ್ಲ್ಯಾಟಿಗೆ ಬಂದ ಮೇಲೂ ಹಿತ್ತಾಳೆ ರೇಜರ್ ಬಿಟ್ಟಿರಲಿಲ್ಲ. ಬಿಡಿಸಿದ್ದು ಕೈನಡುಕ. ಎಪ್ಪತ್ತು ದಾಟಿದ ಮೇಲೆ ಬಲಗೈ ಅದುರಲು ಶುರುವಾಗಿ, ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಕೆಲಸ ಮಾಡಿದ ಕೈ ಗದ್ದದ ಮೂಲೆಯನ್ನು ದಿನಾ ಕೊಯ್ಯತೊಡಗಿತು. ಮಗ ಕಿರಾಣಿ ಅಂಗಡಿಯಿಂದ 15 ರೂಪಾಯಿಯ ರೇಜರ್ ತಂದುಕೊಟ್ಟ. ಮುದುಕರು ಅದನ್ನು ಬೆಳಕಿಗೆ ಹಿಡಿದು, ತಲೆಯನ್ನು ಹೆಬ್ಬೆರಳಿನಿಂದ ಹೊರಳಿಸಿ, ಅಚ್ಚಿನ ಎರಡು ಹೋಳು ಕೂಡುವ ಗೆರೆಯ ಮೇಲೆ ಉಗುರು ಆಡಿಸಿ ನೋಡಿದರು. ಆ ಗೆರೆ ಬೆರಳು ಕೂರುವ ಜಾಗದಲ್ಲಿ ಬಂದರೆ ಚುಚ್ಚುತ್ತದೆ. ಒಳ್ಳೆಯ ಅಚ್ಚುಗಾರ ಅದನ್ನು ಪಕ್ಕಕ್ಕೆ ಸರಿಸುತ್ತಾನೆ. “ಅಚ್ಚು ಚಲೋ ಮಾಡ್ಯಾರ, ಹಿಡಕಿ ಮಾತ್ರ ಭಾಳ ಸಣ್ಣದು” ಎಂದದ್ದು ಅವರ ತೀರ್ಪು.

ಆ ತೀರ್ಪಿನಲ್ಲಿ ಹುರುಳಿತ್ತು. ನಡುಗುವ ಕೈಗೂ ಸಂಧಿವಾತದ ಬೆರಳಿಗೂ ಸಣಕಲು ಹಿಡಿಕೆ ಶತ್ರು. ಸಣ್ಣದನ್ನು ಹಿಡಿಯಲು ಬೆರಳು ಹೆಚ್ಚು ಬಿಗಿಯಬೇಕು, ಬಿಗಿದಷ್ಟೂ ಬೇಗ ದಣಿಯುತ್ತದೆ, ದಣಿದಷ್ಟೂ ನಡುಕ ಹೆಚ್ಚುತ್ತದೆ. ಮನೆಯಲ್ಲಿ ಮಾಡಿದ ಉಪಾಯ ಸರಳ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಹಿಡಿಕೆಗೆ ಸುತ್ತಿ ಹೆಬ್ಬೆರಳಿನಷ್ಟು ದಪ್ಪ ಮಾಡಲಾಯಿತು. ರಬ್ಬರು ಒದ್ದೆಯಲ್ಲೂ ಹಿಡಿತ ಕೊಟ್ಟಿತು. ಮೊದಲ ಸುತ್ತಿನಲ್ಲಿ ರಬ್ಬರು ತಲೆಯ ಬುಡದವರೆಗೂ ಬಂದು ಕೀಲಿಗೆ ಅಡ್ಡವಾಯಿತು. ತಲೆ ಹೊರಳದೆ ಗಂಟಲ ಹತ್ತಿರ ಗಾಯವಾಯಿತು. ಎರಡನೆಯ ಸಲ ಬುಡದಲ್ಲಿ ಒಂದು ಬೆರಳು ಜಾಗ ಬಿಟ್ಟು ಸುತ್ತಿದರು. ಟೊಳ್ಳು ಹಿಡಿಕೆ ತೀರ ಹಗುರವೆನಿಸಿದಾಗ ಬಾಲದ ಕಡೆ ನಾಲ್ಕಾರು ಸುತ್ತು ತಂತಿ ಸೇರಿತು. ಸ್ವಲ್ಪ ತೂಕವಿದ್ದ ಹಿಡಿಕೆ ಅಷ್ಟು ಬೇಗ ಅದುರುವುದಿಲ್ಲ. ಇದರಿಂದ ಅವರು ಇನ್ನೆರಡು ವರ್ಷ ತಮ್ಮ ಗಡ್ಡ ತಾವೇ ಮಾಡಿಕೊಂಡರು. ಇಳಿವಯಸ್ಸಿನಲ್ಲಿ ಅದು ಸಣ್ಣ ಮಾತಲ್ಲ.

ಅದೂ ಆಗದಾದಾಗ ರೇಜರ್ ಮಗನ ಕೈಗೆ ಬಂತು. ತನ್ನ ಮುಖದ ಮೇಲೆ ಇಪ್ಪತ್ತೈದು ವರ್ಷ ಓಡಿಸಿದ ಕೈ ಇನ್ನೊಬ್ಬರ ಮುಖದ ಮುಂದೆ ಹೊಸದಾಗಿ ಕಲಿಯಬೇಕಾಗುತ್ತದೆ. ತನ್ನ ಗಡ್ಡ ಮಾಡಿಕೊಳ್ಳುವವನಿಗೆ ಒತ್ತಡ ಎಷ್ಟೆಂದು ಚರ್ಮವೇ ಹೇಳುತ್ತದೆ. ಇನ್ನೊಬ್ಬರ ಗಡ್ಡ ಮಾಡುವವನಿಗೆ ಆ ಸುದ್ದಿ ಬರುವುದಿಲ್ಲ. ಮುದಿ ಚರ್ಮ ಸಡಿಲ, ಕೆನ್ನೆ ಒಳಸರಿದಿರುತ್ತದೆ, ಹಾಸಿಗೆಯಲ್ಲಿ ನೀರು ಚೆಲ್ಲುವಂತಿಲ್ಲ. ಮತ್ತೆ ಅದೇ ಒಂದು ಲೋಟ ನೀರು. “ಒತ್ತಬ್ಯಾಡಪಾ, ಅದರ ತೂಕ ಅದಕ್ಕ ಸಾಕು” ಎಂದು ತಂದೆ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಎಡಗೈಯಿಂದ ಕೆನ್ನೆ ಎಳೆದು, ಹಿಡಿಕೆಯನ್ನು ಪೆನ್ನಿನಂತೆ ಹಿಡಿದು, ಸಣ್ಣ ಸಣ್ಣ ಎಳೆತದಲ್ಲಿ ಇಳಿದರೆ ಹೊರಳುವ ತಲೆ ಗುಳಿಬಿದ್ದ ಕೆನ್ನೆಯ ಅಂಚನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಹಿತ್ತಾಳೆ ರೇಜರಿನಲ್ಲಿ ಆ ಕೆಲಸ ಆಗುತ್ತಿರಲಿಲ್ಲ.

ಇನ್ನೊಬ್ಬರ ಗಡ್ಡ ಮಾಡುವವರಿಗೆಂದೇ ಒಂದು ರೇಜರ್ ಬೇಕೆಂದು ಕಂಪನಿಗಳಿಗೆ ಹೊಳೆದದ್ದು ತಡವಾಗಿ. 2017ರಲ್ಲಿ ಜಿಲೆಟ್ ಟ್ರಿಯೊ ಎಂಬುದನ್ನು ಪ್ರಕಟಿಸಿತು. ಅದರ ಅಗಲ ಹಿಡಿಕೆಯನ್ನು ಬಣ್ಣ ಬಳಿಯುವ ಬ್ರಷ್ ಹಿಡಿದಂತೆ ಹಿಡಿಯಬಹುದಿತ್ತು. ಗಡ್ಡಕ್ಕೆ ಹಚ್ಚುವ ಜೆಲ್ ಹಿಡಿಕೆಯೊಳಗೇ ತುಂಬಿದ್ದರಿಂದ ನೀರು ಬೇಕಾಗುತ್ತಿದ್ದದ್ದು ಕಡಿಮೆ. ಬ್ಲೇಡಿನ ಮುಂದೆ ಕಾವಲು ಹಲ್ಲುಗಳೂ ಇದ್ದವು. ಭಾರತದ ಮನೆಗಳಲ್ಲಿ ತಂದೆಯ, ಅಜ್ಜನ ಗಡ್ಡ ಮಾಡುವ ಮಕ್ಕಳೂ ದಾದಿಯರೂ ಲೆಕ್ಕವಿಲ್ಲದಷ್ಟಿದ್ದಾರೆ. ಗಾರ್ಡ್‌ನಂಥ ಅಗ್ಗದ ರೇಜರಿಗೆ ದಪ್ಪನೆಯ ರಬ್ಬರು ಹಿಡಿಯೊಂದನ್ನು ತೊಡಿಸಿ ತೆಗೆಯುವಂತೆ ಮಾಡಿದರೆ ಈ ಕೊರತೆಯ ಅರ್ಧ ಭಾಗ ನೀಗುತ್ತದೆ. ಭೋಸರಿಯ ಯಾವ ಅಚ್ಚಿನ ಅಂಗಡಿಯೂ ಅದನ್ನು ಮಾಡಬಲ್ಲದು. ಹುಡುಗರು ರೇಜರ್ ವಿನ್ಯಾಸಕ್ಕೆ ಕೂತಾಗ ಹೊಸ ತಲೆ, ಹೊಸ ಬ್ಲೇಡು ಬರೆಯುವ ಮೊದಲು ಮನೆಯ ಮುದುಕರ ಕೈಯನ್ನು ಅಳೆದು ನೋಡಬೇಕು. ಒಂದು ದಿನ ನಲ್ಲಿ ನಿಲ್ಲಿಸಿ, ದೀಪ ಆರಿಸಿ, ಎಡಗೈಯಲ್ಲಿ ರೇಜರ್ ಹಿಡಿದು ತಾವೇ ಗಡ್ಡ ಮಾಡಿಕೊಳ್ಳಬೇಕು.

ರೇಜರಿನ ಸುರಕ್ಷತೆ ಮುಖ ತೊಳೆದ ಮೇಲೂ ಮುಗಿಯುವುದಿಲ್ಲ. ಪುಣೆಯಲ್ಲಿ ಕಸ ಆಯುವ ಹೆಂಗಸರು 1993ರಲ್ಲಿ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ಸಂಘ ಕಟ್ಟಿಕೊಂಡರು. 2008ರಲ್ಲಿ ಅದರಿಂದ ಸ್ವಚ್ಛ್ ಎಂಬ ಸಹಕಾರ ಸಂಘ ಹುಟ್ಟಿ, ಅದರ ಸದಸ್ಯರು ಮನೆಮನೆಯ ಕಸ ಸಂಗ್ರಹಿಸಿ, ಕೈಯಿಂದ ಬೇರ್ಪಡಿಸುತ್ತಾರೆ. ಬಿಸಾಡಿದ ಬ್ಲೇಡು ಕೊನೆಗೆ ತಲಪುವುದು ಆ ಕೈಗಳಿಗೆ. ತಲೆಯೊಳಗೆ ಹುದುಗಿದ ಬ್ಲೇಡು ಬಿಡಿ ಬ್ಲೇಡಿಗಿಂತ ಅವರಿಗೆ ಕಡಿಮೆ ಅಪಾಯದ್ದು, ಆದರೆ ಪ್ಲಾಸ್ಟಿಕ್ಕೂ ಉಕ್ಕೂ ಬೆಸೆದುಕೊಂಡಿರುವುದರಿಂದ ಅದನ್ನು ಗುಜರಿಗೆ ಹಾಕಲಾಗದು. ಬಿಡಿ ಬ್ಲೇಡು ಗುಜರಿಗೆ ಹೋಗಬಲ್ಲದು, ಕೈ ಕೊಯ್ಯಲೂ ಬಲ್ಲದು. ನಾರಾಯಣ ಪೇಠೆಯ ಆ ಮನೆಯಲ್ಲಿ ಹಳೆಯ ಬ್ಲೇಡುಗಳಿಗೆಂದೇ ಒಂದು ಪೌಡರ್ ಡಬ್ಬಿಯಿತ್ತು. ಅದರ ಮುಚ್ಚಳದಲ್ಲಿ ಗರಗಸದಿಂದ ಕೊರೆದ ಒಂದು ಸೀಳು. ಬ್ಲೇಡು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಡಬ್ಬಿ ತುಂಬಲು ವರ್ಷಗಳೇ ಬೇಕಾಗುತ್ತಿದ್ದವು. ತುಂಬಿದ ಮೇಲೆ ಸೀಳಿಗೆ ಪಟ್ಟಿ ಅಂಟಿಸಿ, ಒಳಗೇನಿದೆಯೆಂದು ಬಾಯಲ್ಲಿ ಹೇಳಿ, ಗುಜರಿಯವರ ಕೈಗೆ ಕೊಡುತ್ತಿದ್ದರು. ಇದನ್ನು ಓದುವವರ ಮನೆಯಲ್ಲಿ ಅಂಥದೊಂದು ಡಬ್ಬಿ ಇಲ್ಲದಿದ್ದರೆ ಇವತ್ತೇ ಒಂದು ಇಡಿ. ಬ್ಲೇಡನ್ನು ಬಿಡಿಯಾಗಿ ಕಸದ ಬುಟ್ಟಿಗೆ ಹಾಕಬೇಡಿ.